ಹೆಚ್ಚು ಮರಿ ಹಾಕಿದ ನಾಯಿಯ ಆರೈಕೆ

ರೈತನ ಮನೆಯ ಲೆಕ್ಕದಲ್ಲಿ ಎತ್ತು, ಎಮ್ಮೆ, ಹಸುಗಳಿಗೆ ಇರುವ ಸ್ಥಾನ ನಾಯಿಗೆ ಇಲ್ಲ. ಆದರೂ ಕಣದಲ್ಲಿ ರಾಶಿ ಬಿದ್ದಿರುವ ರಾತ್ರಿ, ಮೆಕ್ಕೆಜೋಳದ ಹೊಲಕ್ಕೆ ಕಾಡುಹಂದಿ ನುಗ್ಗಿದಾಗ, ಕುರಿಹಟ್ಟಿಯ ಸುತ್ತ ತೋಳ ಸುಳಿದಾಗ ಎಲ್ಲರಿಗಿಂತ ಮೊದಲು ಎಚ್ಚರಗೊಳ್ಳುವುದು ನಾಯಿಯೇ. ಬಾಗಲಕೋಟೆ ಜಿಲ್ಲೆಯ ಮುಧೋಳ ಸೀಮೆಯಲ್ಲಂತೂ ನಾಯಿ ಸಾಕಣೆ ಅನೇಕ ಕುಟುಂಬಗಳಿಗೆ ಉಪಕಸುಬು. ಹಿಂದೆ ಮುಧೋಳ ಸಂಸ್ಥಾನದ ಘೋರ್ಪಡೆ ಅರಸರ ಪೋಷಣೆಯಲ್ಲಿ ಬೆಳೆದ ಈ ತಳಿಯ ಚಿತ್ರವನ್ನು 2005ರಲ್ಲಿ ಅಂಚೆ ಇಲಾಖೆ ಅಂಚೆಚೀಟಿಯ ಮೇಲೆ ಮುದ್ರಿಸಿತು. 2016ರಲ್ಲಿ ಸೇನೆಯು ಈ ತಳಿಯ ಮರಿಗಳನ್ನು ತರಬೇತಿಗಾಗಿ ಮೀರತ್ತಿಗೆ ಒಯ್ದಿತು. ಮುಧೋಳದ ಹತ್ತಿರ ತಿಮ್ಮಾಪುರದಲ್ಲಿ ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನಾ ಮತ್ತು ಮಾಹಿತಿ ಕೇಂದ್ರವೂ ಇದೆ.

ಸಾಕುವವರಿಗೆ ಮರಿಯೇ ಆದಾಯ. ನಾಯಿ ಹತ್ತು ಮರಿ ಹಾಕಿತೆಂದರೆ ಮನೆಯಲ್ಲಿ ಸಂತೋಷ. ಆದರೆ ವಾರ ಕಳೆಯುವುದರೊಳಗೆ ಅವುಗಳಲ್ಲಿ ಕೆಲವು ಸತ್ತು, ಕೆಲವು ಬಡಕಲಾಗಿ, ತಾಯಿಯೂ ಎಲುಬಿನ ಹಂದರವಾಗಿ ನಿಲ್ಲುವುದು ಹಲವೆಡೆ ಕಂಡುಬರುತ್ತದೆ. ಇದನ್ನು ದೃಷ್ಟಿ ತಾಗಿತು ಎಂತಲೋ, ಹಣೆಬರಹ ಎಂತಲೋ ಹೇಳಿ ಸುಮ್ಮನಾಗುವ ಅಗತ್ಯವಿಲ್ಲ. ಈ ನಷ್ಟದ ಹೆಚ್ಚು ಭಾಗವನ್ನು ತಡೆಯಲು ಸಾಧ್ಯ. ಅದಕ್ಕೆ ದುಬಾರಿ ಔಷಧಿಗಿಂತ ಮೊದಲ ಹತ್ತು ದಿನಗಳ ಎಚ್ಚರಿಕೆ ಮುಖ್ಯ.

ಮರಿಗಳು ಸಾಯುವುದೇಕೆ?

ಮಧ್ಯಮ ಗಾತ್ರದ ನಾಯಿಗಳು ಸಾಮಾನ್ಯವಾಗಿ 5ರಿಂದ 8 ಮರಿ ಹಾಕುತ್ತವೆ. ಒಮ್ಮೊಮ್ಮೆ 10–12 ಮರಿ ಹಾಕುವುದೂ ಉಂಟು. ನಾಯಿಗೆ 8ರಿಂದ 10 ಮೊಲೆತೊಟ್ಟುಗಳಿದ್ದರೂ ಎಲ್ಲದರಲ್ಲಿಯೂ ಹಾಲು ಒಂದೇ ಸಮನಾಗಿರುವುದಿಲ್ಲ. ಹಿಂದಿನ ಎರಡು ಜೊತೆ ತೊಟ್ಟುಗಳಲ್ಲಿ ಹಾಲು ಹೆಚ್ಚು, ಮುಂದಿನವುಗಳಲ್ಲಿ ಕಡಿಮೆ. ಹಂದಿಮರಿಗಳು ಹುಟ್ಟಿದ ಕೆಲವೇ ದಿನಗಳಲ್ಲಿ ಒಂದೊಂದು ತೊಟ್ಟನ್ನು ತಮ್ಮದಾಗಿ ಮಾಡಿಕೊಳ್ಳುತ್ತವೆ. ನಾಯಿಮರಿಗಳಲ್ಲಿ ಅಂತಹ ವ್ಯವಸ್ಥೆ ಇಲ್ಲ. ಬಲವಾದ ಮರಿ ಹಾಲು ತುಂಬಿದ ತೊಟ್ಟನ್ನು ಹಿಡಿಯುತ್ತದೆ, ಸಣ್ಣ ಮರಿಯನ್ನು ಹೊರಗೆ ತಳ್ಳುತ್ತದೆ.

ಹೊರಗೆ ಬಿದ್ದ ಮರಿ ಮೊದಲು ತಣ್ಣಗಾಗುತ್ತದೆ. ಹುಟ್ಟಿದ ಮರಿಗೆ ನಡುಗಿ ಮೈ ಬಿಸಿ ಮಾಡಿಕೊಳ್ಳುವ ಶಕ್ತಿ ಮೊದಲ ವಾರದಲ್ಲಿ ಇರುವುದಿಲ್ಲ. ಮೈಯಲ್ಲಿ ಕೊಬ್ಬೂ ಇಲ್ಲ. ಮೈಕಾವು 35 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಚೀಪುವ ಬಲ ಕುಗ್ಗುತ್ತದೆ, ಕರುಳಿನ ಚಲನೆ ನಿಲ್ಲುತ್ತದೆ. ಚೀಪದ ಮರಿ ಹಸಿಯುತ್ತದೆ, ಹಸಿದ ಮರಿ ಇನ್ನೂ ತಣ್ಣಗಾಗುತ್ತದೆ. ತಣ್ಣಗಾದ ಮರಿಯನ್ನು ತಾಯಿಯೂ ದೂರ ತಳ್ಳುವುದುಂಟು. ಹೀಗೆ ಚಳಿ, ಹಸಿವು ಮತ್ತು ತಾಯಿಯ ನಿತ್ರಾಣ ಈ ಮೂರೂ ಒಂದಕ್ಕೊಂದು ಸೇರಿಕೊಂಡು ಮರಿಗಳನ್ನು ಕೊಲ್ಲುತ್ತವೆ. ಆದ್ದರಿಂದ ಆರೈಕೆಯ ಕ್ರಮವೂ ಹೀಗೆಯೇ ಇರಬೇಕು: ಮೊದಲು ಕಾವು, ಆಮೇಲೆ ಹಾಲು, ಎಲ್ಲಕ್ಕೂ ಆಧಾರವಾಗಿ ತಾಯಿಯ ಆಹಾರ.

ಮರಿ ಹಾಕುವ ಮೊದಲಿನ ಸಿದ್ಧತೆ

ನಾಯಿಯ ಗಬ್ಬದ ಅವಧಿ ಸುಮಾರು 63 ದಿನ. ಗಂಡಿಗೆ ಬಿಟ್ಟ ದಿನವನ್ನು ಬರೆದಿಟ್ಟುಕೊಂಡಿದ್ದರೆ 55ನೆಯ ದಿನದ ಹೊತ್ತಿಗೆ ಸ್ಥಳವನ್ನು ಸಿದ್ಧಪಡಿಸಬಹುದು. ಸಿದ್ಧಪಡಿಸದಿದ್ದರೆ ನಾಯಿ ತಾನೇ ಬಣವೆಯ ಬುಡದಲ್ಲಿಯೋ, ಕಣಕಿ ಒಟ್ಟಿದ ಮೂಲೆಯಲ್ಲಿಯೋ ಗುಂಡಿ ತೋಡಿ ಮರಿ ಹಾಕುತ್ತದೆ. ಅಲ್ಲಿ ತೇವ, ಇರುವೆ, ಹಾವಿನ ಭಯ. ದನದ ಕೊಟ್ಟಿಗೆಯೂ ಯೋಗ್ಯವಲ್ಲ; ಉಣ್ಣೆ, ಚಿಗಟಗಳ ಕಾಟದ ಜೊತೆಗೆ ದನಗಳ ಕಾಲ್ತುಳಿತದ ಅಪಾಯವಿದೆ.

ಗಾಳಿ ನೇರವಾಗಿ ಬೀಸದ, ಜನರ ಓಡಾಟ ಕಡಿಮೆ ಇರುವ ಒಣ ಮೂಲೆಯನ್ನು ಆರಿಸಬೇಕು. ಮುಧೋಳ ತಳಿಯಷ್ಟು ದೊಡ್ಡ ನಾಯಿಗೆ 4 ಅಡಿ ಉದ್ದ, 4 ಅಡಿ ಅಗಲದ ಹಲಗೆಯ ಅಥವಾ ಇಟ್ಟಿಗೆಯ ಕಟ್ಟೆ ಸಾಕು. ಕಟ್ಟೆಯ ಒಳಬದಿಗೆ ನೆಲದಿಂದ 4 ಅಂಗುಲ ಎತ್ತರದಲ್ಲಿ, ಗೋಡೆಯಿಂದ 4 ಅಂಗುಲ ಬಿಟ್ಟು, ಸುತ್ತಲೂ ಬಿದಿರಿನ ಗಳು ಅಥವಾ ಪೈಪು ಕಟ್ಟಬೇಕು. ಮರಿ ಹೆಚ್ಚಾದಷ್ಟೂ ತಾಯಿಯ ಬೆನ್ನಿಗೂ ಗೋಡೆಗೂ ನಡುವೆ ಸಿಕ್ಕಿ ಸಾಯುವ ಸಂಭವ ಹೆಚ್ಚು. ಈ ಗಳುವಿನ ಕೆಳಗಿನ ಸಂದಿಯಲ್ಲಿ ಮರಿ ಉಳಿದುಕೊಳ್ಳುತ್ತದೆ.

ಕೆಳಗೆ ಗೋಣಿಚೀಲ, ಅದರ ಮೇಲೆ ಒಗೆದು ಬಿಸಿಲಿಗೆ ಒಣಗಿಸಿದ ಹಳೆಯ ಸೀರೆ ಅಥವಾ ಪಂಚೆ ಹಾಸಬೇಕು. ನುಣುಪಾದ ಪ್ಲಾಸ್ಟಿಕ್ ಹಾಳೆ ಹಾಸಿದರೆ ಮರಿಗಳ ಕಾಲು ಜಾರಿ ತೊಟ್ಟಿನವರೆಗೆ ಹೋಗಲಾರವು. ಬಟ್ಟೆಯನ್ನು ದಿನಕ್ಕೆ ಎರಡು ಬಾರಿಯಾದರೂ ಬದಲಾಯಿಸಬೇಕು.

ಹೆಚ್ಚು ಮರಿಗಳಿರುವ ನಾಯಿ ಹೆರಿಗೆಯಲ್ಲಿ ದಣಿದು ನಡುವೆಯೇ ನಿಲ್ಲಿಸಿಬಿಡುವುದುಂಟು. ಅರ್ಧ ಗಂಟೆಯವರೆಗೆ ಬಲವಾಗಿ ತಿಣುಕಿದರೂ ಮರಿ ಬಾರದಿದ್ದರೆ, ಅಥವಾ ಒಳಗೆ ಮರಿಯಿದ್ದೂ ಎರಡು ಗಂಟೆ ಕಳೆದರೂ ಮುಂದಿನದು ಹುಟ್ಟದಿದ್ದರೆ ಪಶುವೈದ್ಯರನ್ನು ಕರೆಸಬೇಕು. ಕೈ ಹಾಕಿ ಎಳೆಯಬಾರದು.

ಮೊದಲ ದಿನ: ಗಿಣ್ಣದ ಹಾಲು

ಕರುವಿಗೆ ಗಿಣ್ಣದ ಹಾಲು ಎಷ್ಟು ಮುಖ್ಯವೋ ನಾಯಿಮರಿಗೂ ಅಷ್ಟೇ ಮುಖ್ಯ. ರೋಗ ತಡೆಯುವ ಶಕ್ತಿಯ ಬಹುಭಾಗ ಮರಿಗೆ ದೊರೆಯುವುದು ತಾಯಿಯ ಮೊದಲ ಹಾಲಿನಿಂದ. ಗರ್ಭದಲ್ಲಿದ್ದಾಗ ಬರುವುದು ಅತ್ಯಲ್ಪ. ಈ ಅಂಶವನ್ನು ಮರಿಯ ಕರುಳು ಮೊದಲ 12 ಗಂಟೆಗಳಲ್ಲಿ ಚೆನ್ನಾಗಿ ಹೀರಿಕೊಳ್ಳುತ್ತದೆ. 24 ಗಂಟೆಗಳ ನಂತರ ಆ ಬಾಗಿಲು ಬಹುಮಟ್ಟಿಗೆ ಮುಚ್ಚುತ್ತದೆ.

ಆದುದರಿಂದ ಹುಟ್ಟಿದ ಪ್ರತಿಯೊಂದು ಮರಿಯೂ ಮೊದಲ ಎರಡು ಮೂರು ಗಂಟೆಗಳಲ್ಲಿ ಒಮ್ಮೆಯಾದರೂ ತೊಟ್ಟು ಚೀಪಿದೆಯೇ ಎಂದು ಕಣ್ಣಾರೆ ನೋಡಬೇಕು. ಚೀಪದ ಮರಿಯನ್ನು ಒರಸಿ ಬೆಚ್ಚಗೆ ಮಾಡಿ, ಹಿಂದಿನ ತೊಟ್ಟಿನಿಂದ ಒಂದು ಹನಿ ಹಾಲು ಹಿಂಡಿ, ಬಾಯಿ ತೆರೆದು ತೊಟ್ಟಿಗೆ ಹಿಡಿಯಬೇಕು. ಆ ಹೊತ್ತಿನಲ್ಲಿ ದೊಡ್ಡ ಮರಿಗಳನ್ನು ಸ್ವಲ್ಪ ದೂರ ಇಡಬೇಕು. ಹೊಕ್ಕುಳಿನ ತುದಿಗೆ ಟಿಂಚರ್ ಅಯೋಡಿನ್ ಹಚ್ಚಬೇಕು. ಗಿಣ್ಣದ ಹಾಲು ಕೆಟ್ಟದ್ದೆಂದು ಹಿಂಡಿ ಚೆಲ್ಲುವುದು ತಪ್ಪು.

ಕಾವು

ಮರಿಗಳು ಮಲಗುವ ಜಾಗದ ಉಷ್ಣಾಂಶ ಹೀಗಿರಬೇಕು:

ಮೊದಲ ವಾರ – 29ರಿಂದ 32 ಡಿಗ್ರಿ ಸೆಲ್ಸಿಯಸ್
ಎರಡನೆಯ ವಾರ – 26ರಿಂದ 29 ಡಿಗ್ರಿ
ಮೂರು ಮತ್ತು ನಾಲ್ಕನೆಯ ವಾರ – 23ರಿಂದ 26 ಡಿಗ್ರಿ

ಮಾಗಿಯ ಚಳಿಯಲ್ಲಿ ರಾತ್ರಿ ಇಷ್ಟು ಕಾವು ತಾನಾಗಿ ಇರುವುದಿಲ್ಲ. ಕೋಳಿಮರಿಗಳಿಗೆ ಬಳಸುವಂತಹ ಕಾವಿನ ಬಲ್ಬನ್ನು ಕಟ್ಟೆಯ ಒಂದು ಬದಿಗೆ ಸುಮಾರು 3 ಅಡಿ ಎತ್ತರದಲ್ಲಿ ಭದ್ರವಾಗಿ ತೂಗುಹಾಕಬಹುದು. ಈಗ ಮನೆಗಳಲ್ಲಿರುವ ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆಯೇ ಹೊರತು ಸಾಕಷ್ಟು ಕಾವು ಕೊಡುವುದಿಲ್ಲ ಎಂಬುದನ್ನು ನೆನಪಿಡಬೇಕು. ಕಾವು ಒಂದು ಬದಿಗೆ ಮಾತ್ರ ಇದ್ದರೆ ಸೆಖೆಯಾದ ಮರಿ ಮತ್ತೊಂದು ಬದಿಗೆ ಸರಿಯಬಲ್ಲದು, ತಾಯಿಯೂ ನೆಮ್ಮದಿಯಾಗಿರುತ್ತದೆ. ವಿದ್ಯುತ್ತು ಹೋದಾಗ ಬಾಟಲಿಗಳಲ್ಲಿ ಬಿಸಿನೀರು ತುಂಬಿ, ದಪ್ಪ ಬಟ್ಟೆ ಸುತ್ತಿ ಮರಿಗಳ ಪಕ್ಕದಲ್ಲಿಡಬೇಕು. ಕೆಂಡದ ಅಗ್ಗಿಷ್ಟಿಕೆ ಇಡಬಾರದು; ಹೊಗೆ ಮತ್ತು ಬೆಂಕಿಯ ಅಪಾಯವಿದೆ.

ಉಷ್ಣಮಾಪಕ ಇಲ್ಲದಿದ್ದರೂ ಮರಿಗಳೇ ತಿಳಿಸುತ್ತವೆ. ಒಂದರ ಮೇಲೊಂದು ಬಿಗಿಯಾಗಿ ಗುಡ್ಡೆಯಾಗಿ ಕುಂಯ್‌ಗುಡುತ್ತಿದ್ದರೆ ಚಳಿಯಾಗಿದೆ. ದೂರ ದೂರ ಚದುರಿ ಬಾಯಿ ತೆರೆದು ಏದುತ್ತಿದ್ದರೆ ಸೆಖೆ ಹೆಚ್ಚಾಗಿದೆ. ಪಕ್ಕಪಕ್ಕದಲ್ಲಿ ಸಡಿಲವಾಗಿ ಮಲಗಿ ನಿದ್ದೆಯಲ್ಲಿ ಆಗಾಗ ಮೈ ಅದುರಿಸುತ್ತಿದ್ದರೆ ಎಲ್ಲ ಸರಿಯಾಗಿದೆ ಎಂದರ್ಥ. ಗುಂಪಿನಿಂದ ದೂರ, ಸದ್ದಿಲ್ಲದೆ ಬಿದ್ದಿರುವ ಮರಿ ಎಲ್ಲಕ್ಕಿಂತ ಹೆಚ್ಚು ಅಪಾಯದಲ್ಲಿದೆ. ಅಳುವ ಮರಿಗಿಂತ ಸುಮ್ಮನಿರುವ ಮರಿಯನ್ನು ಮೊದಲು ನೋಡಬೇಕು. ಬೇಸಿಗೆಯಲ್ಲಿ ಮುಧೋಳ, ಬಾಗಲಕೋಟೆ ಕಡೆ ಬಿಸಿಲು 40 ಡಿಗ್ರಿ ದಾಟುವುದರಿಂದ ಆಗ ಪತ್ರಾಸಿನ ಚಾವಣಿಯ ಕೆಳಗೆ ಮರಿಗಳನ್ನು ಇಡಬಾರದು.

ತಣ್ಣಗಾದ ಮರಿಗೆ ಕೂಡಲೇ ಹಾಲು ಕುಡಿಸುವುದು ಎಲ್ಲೆಡೆ ಕಾಣುವ ದೊಡ್ಡ ತಪ್ಪು. ಕರುಳು ಕೆಲಸ ಮಾಡದ ಸ್ಥಿತಿಯಲ್ಲಿ ಹಾಲು ಹೊಟ್ಟೆಯಲ್ಲಿ ಹುಳಿತು ಉಬ್ಬರವಾಗುತ್ತದೆ, ಇಲ್ಲವೇ ಶ್ವಾಸಕೋಶಕ್ಕೆ ಇಳಿಯುತ್ತದೆ. ಮರಿಯನ್ನು ಅಂಗಿಯೊಳಗೆ ಮೈಗೆ ತಾಗಿಸಿಕೊಂಡು ಒಂದೆರಡು ಗಂಟೆಗಳಲ್ಲಿ ನಿಧಾನವಾಗಿ ಬೆಚ್ಚಗೆ ಮಾಡಬೇಕು. ಅದು ಕೈಕಾಲು ಆಡಿಸಿ, ಬಾಯಿಗೆ ಬೆರಳಿಟ್ಟರೆ ಚೀಪತೊಡಗಿದ ಮೇಲೆಯೇ ತೊಟ್ಟಿಗೆ ಬಿಡಬೇಕು. ಬಿಸಿನೀರಿನಲ್ಲಿ ಅದ್ದುವುದು, ಒಲೆಯ ಮುಂದೆ ಹಿಡಿಯುವುದು ಸಲ್ಲದು.

ಪ್ರತಿದಿನ ತೂಕ

ಹತ್ತು ಮರಿಗಳ ಗುಂಪಿನಲ್ಲಿ ಯಾವುದು ಹಾಲಿಲ್ಲದೆ ಉಳಿಯಿತೆಂದು ಕಣ್ಣಂದಾಜಿನಿಂದ ತಿಳಿಯದು. ತಕ್ಕಡಿಯಿಂದ ತಿಳಿಯುತ್ತದೆ. ಅಡುಗೆಮನೆಯ ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಇದ್ದರೆ ಸಾಕು. ಗುರುತಿಗಾಗಿ ಪ್ರತಿ ಮರಿಯ ಕೊರಳಿಗೆ ಬೇರೆ ಬೇರೆ ಬಣ್ಣದ ಉಣ್ಣೆ ದಾರವನ್ನು ಸಡಿಲವಾಗಿ ಕಟ್ಟಬೇಕು. ಮರಿ ಬೆಳೆಯುವುದರಿಂದ ದಾರವನ್ನು ಎರಡು ದಿನಕ್ಕೊಮ್ಮೆ ನೋಡಿ ಸಡಿಲಿಸಬೇಕು. ದಿನವೂ ಒಂದೇ ಹೊತ್ತಿಗೆ ತೂಗಿ ನೋಟುಪುಸ್ತಕದಲ್ಲಿ ಬರೆಯಬೇಕು.

ಮೊದಲ ದಿನ ತೂಕದಲ್ಲಿ ಶೇ. 10ರವರೆಗೆ ಇಳಿತ ಕಂಡರೆ ಗಾಬರಿಯಿಲ್ಲ. ಎರಡನೆಯ ದಿನದಿಂದ ತೂಕ ಏರಲೇಬೇಕು. 8–10 ದಿನಗಳಲ್ಲಿ ಹುಟ್ಟಿದಾಗಿನ ತೂಕದ ಎರಡರಷ್ಟಾಗಬೇಕು. ಉದಾಹರಣೆಗೆ, ಹುಟ್ಟಿದಾಗ 300 ಗ್ರಾಂ ಇದ್ದ ಮರಿ ಹತ್ತನೆಯ ದಿನಕ್ಕೆ 600 ಗ್ರಾಂ ಆಗಬೇಕು. ಅಂದರೆ ದಿನಕ್ಕೆ ಸುಮಾರು 30 ಗ್ರಾಂ ಏರಿಕೆ. ಒಂದು ದಿನ ತೂಕ ಏರದ ಮರಿಯ ಮೇಲೆ ಕಣ್ಣಿಡಬೇಕು. ಇಳಿದ ಮರಿಗೆ ಅದೇ ದಿನ ಸಹಾಯ ಬೇಕು. ನಾಳೆ ನೋಡೋಣವೆಂದರೆ ತಡವಾಗುತ್ತದೆ.

ಸರದಿಯ ಮೇಲೆ ಹಾಲೂಡಿಸುವುದು

ಮರಿಗಳು ತೊಟ್ಟುಗಳಿಗಿಂತ ಹೆಚ್ಚಾಗಿದ್ದರೆ, ಅಥವಾ ಮರಿಗಳ ಗಾತ್ರದಲ್ಲಿ ಬಹಳ ವ್ಯತ್ಯಾಸವಿದ್ದರೆ, ಸರದಿಯ ಪದ್ಧತಿ ಉತ್ತಮ. ಇದಕ್ಕೆ ಖರ್ಚಿಲ್ಲ.

1. ಮರಿಗಳನ್ನು ಎರಡು ಗುಂಪು ಮಾಡಬೇಕು. ದೊಡ್ಡ ಮರಿಗಳು ಒಂದು ಗುಂಪು, ಸಣ್ಣವು ಇನ್ನೊಂದು.

2. ಸಣ್ಣ ಮರಿಗಳ ಗುಂಪನ್ನು ಮೊದಲು ಬಿಟ್ಟು, ಹಾಲು ಹೆಚ್ಚಿರುವ ಹಿಂದಿನ ತೊಟ್ಟುಗಳಿಗೆ ಹಿಡಿಯಬೇಕು.

3. ಆ ಸಮಯದಲ್ಲಿ ದೊಡ್ಡ ಮರಿಗಳನ್ನು ಬಟ್ಟೆ ಹಾಸಿದ ಬುಟ್ಟಿಯಲ್ಲಿ, ಬಿಸಿನೀರಿನ ಬಾಟಲಿಯ ಜೊತೆಗೆ, ತಾಯಿಗೆ ಕಾಣುವಂತೆ ಇಡಬೇಕು. ದೂರ ಒಯ್ದರೆ ತಾಯಿ ಗಾಬರಿಯಾಗಿ ಎದ್ದು ಹೋಗುತ್ತದೆ.

4. ಮೊದಲ ವಾರದಲ್ಲಿ ಸುಮಾರು ಎರಡು ಗಂಟೆಗೊಮ್ಮೆ, ರಾತ್ರಿಯೂ ಸೇರಿದಂತೆ, ಗುಂಪು ಬದಲಾಯಿಸಬೇಕು. ಎರಡನೆಯ ವಾರದಲ್ಲಿ ಮೂರು ಗಂಟೆಗೊಮ್ಮೆ ಬದಲಾಯಿಸಿದರೆ ಸಾಕು.

5. ಅತಿ ಸಣ್ಣದಾದ ಒಂದೆರಡು ಮರಿಗಳನ್ನು ಎರಡೂ ಸರದಿಯಲ್ಲಿ ತಾಯಿಯ ಬಳಿಯೇ ಬಿಡಬಹುದು.

ಮರಿಗಳ ಉಗುರು ಚೂಪಾಗಿದ್ದು ಮೊಲೆಯನ್ನು ಗೀರುತ್ತವೆ. ನೋವಾದ ತಾಯಿ ಹಾಲು ಕೊಡಲು ಒಪ್ಪುವುದಿಲ್ಲ. ವಾರಕ್ಕೊಮ್ಮೆ ಉಗುರಿನ ತುದಿಯನ್ನಷ್ಟೇ ಕತ್ತರಿಸಬೇಕು.

ಊರಿನಲ್ಲಿ ಅದೇ ವಾರ ಮರಿ ಹಾಕಿದ, ಮರಿ ಕಡಿಮೆ ಇರುವ ಇನ್ನೊಂದು ಆರೋಗ್ಯವಂತ ನಾಯಿಯಿದ್ದರೆ ಎರಡು ಮೂರು ಮರಿಗಳನ್ನು ಅದಕ್ಕೆ ಕೂಡಿಸಬಹುದು. ಆ ನಾಯಿಯ ಹಾಸಿಗೆಯ ಬಟ್ಟೆಯಿಂದ ಮರಿಗಳ ಮೈ ಒರಸಿ, ಅದರ ಸ್ವಂತ ಮರಿಗಳ ನಡುವೆ ಬೆರೆಸಿ ಇಡಬೇಕು. ಒಪ್ಪಿಕೊಳ್ಳುವವರೆಗೆ ಹತ್ತಿರ ಕುಳಿತು ನೋಡಬೇಕು. ಗಿಣ್ಣದ ಹಾಲು ಕುಡಿದು ಗಟ್ಟಿಯಾದ ಮರಿಗಳನ್ನೇ ಹೀಗೆ ಕಳುಹಿಸುವುದು ಲೇಸು. ಸಣ್ಣವಕ್ಕೆ ಹೆತ್ತ ತಾಯಿಯೇ ಇರಲಿ.

ಮೇಲುಹಾಲು

ಸರದಿಯಿಂದಲೂ ತೂಕ ಏರದ ಮರಿಗಳಿಗೆ ಮೇಲುಹಾಲು ಕೊಡಬೇಕಾಗುತ್ತದೆ. ಹಸುವಿನ ಹಾಲಿಗೆ ನೀರು ಬೆರೆಸಿ ಬತ್ತಿಯಿಂದ ಕುಡಿಸುವುದು ಹಳ್ಳಿಗಳಲ್ಲಿ ರೂಢಿ. ಇದು ಸರಿಯಲ್ಲ. ನಾಯಿಯ ಹಾಲಿನಲ್ಲಿ ಸಸಾರಜನಕ ಶೇ. 7–8, ಕೊಬ್ಬು ಸುಮಾರು ಶೇ. 9 ಇರುತ್ತವೆ. ಹಸುವಿನ ಹಾಲಿನಲ್ಲಿ ಇವೆರಡೂ ಶೇ. 3–4 ಮಾತ್ರ; ಹಾಲಿನ ಸಕ್ಕರೆಯ ಅಂಶ ಮಾತ್ರ ನಾಯಿಯ ಹಾಲಿಗಿಂತ ಹೆಚ್ಚು. ಹೀಗಾಗಿ ನೀರು ಬೆರೆಸಿದ ಹಸುವಿನ ಹಾಲಿನಿಂದ ಹೊಟ್ಟೆ ತುಂಬುತ್ತದೆ, ಮೈ ತುಂಬುವುದಿಲ್ಲ. ಹೆಚ್ಚು ಕುಡಿಸಿದರೆ ಭೇದಿ.

ಪಶು ಔಷಧಿ ಅಂಗಡಿಗಳಲ್ಲಿ ನಾಯಿಮರಿಗಳಿಗೆಂದೇ ತಯಾರಿಸಿದ ಹಾಲಿನ ಪುಡಿ ದೊರೆಯುತ್ತದೆ. ಅದನ್ನು ಡಬ್ಬಿಯ ಮೇಲಿನ ಸೂಚನೆಯಂತೆ ಕಲಸಿ ಕೊಡುವುದು ಎಲ್ಲಕ್ಕಿಂತ ಒಳ್ಳೆಯದು. ಹೆಚ್ಚು ಮರಿಗಳ ಸೂಚನೆಯಿದ್ದರೆ ಮೊದಲೇ ಒಂದು ಡಬ್ಬಿ ತಂದಿಡಬೇಕು. ಅದು ಸಿಗುವವರೆಗೆ, ಒಂದೆರಡು ದಿನದ ಮಟ್ಟಿಗೆ, ಕಾಯಿಸಿ ಆರಿಸಿದ ಕೆನೆಸಹಿತ ಹಾಲು 250 ಮಿ.ಲೀ., ತಾಜಾ ಕೋಳಿಮೊಟ್ಟೆಯ ಹಳದಿ ಭಾಗ 2, ಅಡುಗೆ ಎಣ್ಣೆ 1 ಚಹಾ ಚಮಚ ಇವನ್ನು ಚೆನ್ನಾಗಿ ಕಲಸಿ, ಶೋಧಿಸಿ ಉಪಯೋಗಿಸಬಹುದು. ಮೊಟ್ಟೆಯ ಬಿಳಿ ಭಾಗ, ಬೆಲ್ಲ, ಜೇನುತುಪ್ಪ ಸೇರಿಸಬಾರದು. ಕಲಸಿದ್ದನ್ನು ಆ ಹೊತ್ತಿಗೇ ಮುಗಿಸಬೇಕು. ಉಳಿದುದನ್ನು ತಾಯಿಗೆ ಕುಡಿಸಬಹುದು.

ತಾಯಿಯ ಹಾಲು ಸ್ವಲ್ಪವೂ ಸಿಗದ ಮರಿಗೆ ಒಂದು ದಿನಕ್ಕೆ ಬೇಕಾಗುವ ಹಾಲಿನ ಪ್ರಮಾಣ, ಪ್ರತಿ 100 ಗ್ರಾಂ ತೂಕಕ್ಕೆ:

ಮೊದಲ ವಾರ – 13 ಮಿ.ಲೀ.
ಎರಡನೆಯ ವಾರ – 17 ಮಿ.ಲೀ.
ಮೂರನೆಯ ವಾರ – 20 ಮಿ.ಲೀ.
ನಾಲ್ಕನೆಯ ವಾರ – 22 ಮಿ.ಲೀ.

ಇದರಂತೆ 300 ಗ್ರಾಂ ತೂಕದ ಮರಿಗೆ ಮೊದಲ ವಾರದಲ್ಲಿ ದಿನಕ್ಕೆ ಸುಮಾರು 39 ಮಿ.ಲೀ. ಬೇಕು. ಇದನ್ನು ಮೂರು ಗಂಟೆಗೊಮ್ಮೆ, ಎಂಟು ಬಾರಿ, ಸುಮಾರು 5 ಮಿ.ಲೀ.ನಂತೆ ಕೊಡಬೇಕು. ತಾಯಿಯಿಂದಲೂ ಹಾಲು ಸಿಗುತ್ತಿರುವ ಮರಿಗೆ ಇದರ ಅರ್ಧದಿಂದ ಆರಂಭಿಸಿ, ತೂಕ ನೋಡಿ ಹೆಚ್ಚು ಕಡಿಮೆ ಮಾಡಬೇಕು. ಒಂದು ಸಲಕ್ಕೆ 100 ಗ್ರಾಂ ತೂಕಕ್ಕೆ 4 ಮಿ.ಲೀ. ಮೀರಬಾರದು, ಮರಿಯ ಹೊಟ್ಟೆ ಹಿಡಿಯುವುದೇ ಅಷ್ಟು.

ಹಾಲು ಮೈಬಿಸಿಯಷ್ಟು ಬೆಚ್ಚಗಿರಬೇಕು. ಮನುಷ್ಯರ ಕೂಸಿನಂತೆ ಅಂಗಾತ ಮಲಗಿಸಿ ಕುಡಿಸಬಾರದು. ತಾಯಿಯ ಬಳಿ ಕುಡಿಯುವಂತೆ ಹೊಟ್ಟೆಯ ಮೇಲೆ ಮಲಗಿಸಿ, ತಲೆಯನ್ನು ತುಸು ಮೇಲೆತ್ತಿ, ಸಣ್ಣ ನಿಪ್ಪಲ್ ಇರುವ ಬಾಟಲಿಯಿಂದ ತಾನಾಗಿ ಚೀಪಲು ಬಿಡಬೇಕು. ಪಿಚಕಾರಿಯಿಂದ ಒತ್ತಿ ಹಾಕಿದರೆ ಹಾಲು ಮೂಗಿನಿಂದ ಬಂದು ಪುಪ್ಪುಸಕ್ಕೆ ಇಳಿಯುತ್ತದೆ. ಬಾಟಲಿ, ನಿಪ್ಪಲ್‌ಗಳನ್ನು ಪ್ರತಿ ಸಲವೂ ತೊಳೆದು ಕುದಿಯುವ ನೀರಿನಲ್ಲಿ ಹಾಕಿ ತೆಗೆಯಬೇಕು.

ಚಿಕ್ಕ ಮರಿಗಳು ತಾಯಿ ನೆಕ್ಕಿದಾಗಲೇ ಮಲ ಮೂತ್ರ ಮಾಡುತ್ತವೆ. ಮರಿ ಹೆಚ್ಚಾದಾಗ ತಾಯಿ ಕೆಲವನ್ನು ನೆಕ್ಕದೆ ಬಿಡಬಹುದು. ಅಂತಹ ಮರಿಗಳಿಗೆ ಹಾಲು ಕುಡಿಸಿದ ಮೇಲೆ ಬೆಚ್ಚನೆಯ ನೀರಿನಲ್ಲಿ ಅದ್ದಿದ ಹತ್ತಿಯಿಂದ ಹಿಂಭಾಗವನ್ನು ಮೃದುವಾಗಿ ಒರಸಬೇಕು. ಮೂರು ವಾರಗಳವರೆಗೆ ಇದು ಅಗತ್ಯವಾಗಬಹುದು.

ತಾಯಿಯ ಆಹಾರ

ಎಷ್ಟೇ ಮೇಲುಹಾಲು ಕೊಟ್ಟರೂ ಮರಿಗಳ ಬೆಳವಣಿಗೆಯ ಮೂಲ ತಾಯಿಯ ತಟ್ಟೆಯಲ್ಲಿದೆ. ನಾಯಿಯ ಹಾಲು ಮೂರು ನಾಲ್ಕನೆಯ ವಾರದಲ್ಲಿ ಅತ್ಯಂತ ಹೆಚ್ಚಾಗುತ್ತದೆ. ಮಾಮೂಲು ಆಹಾರಕ್ಕೆ ಹೋಲಿಸಿದರೆ ಮೊದಲ ವಾರದಲ್ಲಿ ಒಂದೂವರೆ ಪಟ್ಟು, ಎರಡನೆಯ ವಾರದಲ್ಲಿ ಎರಡು ಪಟ್ಟು, ಮೂರು ನಾಲ್ಕನೆಯ ವಾರದಲ್ಲಿ ಮೂರು ಪಟ್ಟು ಅಥವಾ ಅದಕ್ಕಿಂತಲೂ ಹೆಚ್ಚು ಆಹಾರ ಬೇಕಾಗುತ್ತದೆ.

ಇಲ್ಲಿ ಒಂದು ವಿಷಯ ಗಮನಿಸಬೇಕು. ಎರಡು ರೊಟ್ಟಿ ತಿನ್ನುವ ನಾಯಿಗೆ ಆರು ರೊಟ್ಟಿ ಹಾಕಿದರೆ ಅಷ್ಟನ್ನು ಅದರ ಹೊಟ್ಟೆ ಹಿಡಿಯಲಾರದು. ರೊಟ್ಟಿ, ನುಚ್ಚು, ಅಂಬಲಿಗಳಲ್ಲಿ ಪಿಷ್ಟವೇ ಹೆಚ್ಚು. ಹಾಲಿಗೆ ಬೇಕಾದ ಸಸಾರಜನಕ ಮತ್ತು ಕೊಬ್ಬು ಕಡಿಮೆ. ಜೋಳ ಅಥವಾ ಗೋಧಿಯ ರೊಟ್ಟಿಯ ಜೊತೆಗೆ ಬೇಯಿಸಿದ ಮೊಟ್ಟೆ, ಮೂಳೆ ತೆಗೆದ ಮಾಂಸ ಅಥವಾ ಮೀನು, ಮೊಸರು, ಬೇಯಿಸಿದ ಬೇಳೆ, ಒಂದು ಚಮಚ ಎಣ್ಣೆ ಅಥವಾ ತುಪ್ಪ ಸೇರಿಸಬೇಕು. ಅನುಕೂಲವಿದ್ದವರು ಮರಿಗಳಿಗೆಂದು ಮಾರುವ ಸಿದ್ಧ ಆಹಾರವನ್ನು ತಾಯಿಗೂ ಕೊಡಬಹುದು. ದಿನಕ್ಕೆ ನಾಲ್ಕೈದು ಸಲ ಹಂಚಿ ಕೊಡಬೇಕು. ಶುದ್ಧ ನೀರು ಹಗಲು ರಾತ್ರಿ ಕಟ್ಟೆಯ ಪಕ್ಕದಲ್ಲಿಯೇ ಇರಬೇಕು. ನೀರು ಕಡಿಮೆಯಾದರೆ ಹಾಲೂ ಕಡಿಮೆಯಾಗುತ್ತದೆ.

ಬೂಸಲು ಹಿಡಿದ ಶೇಂಗಾ ಹಿಂಡಿ, ಮುಗ್ಗಿದ ಮೆಕ್ಕೆಜೋಳ ಇವು ದನಗಳಿಗೆ ಆಗದಿದ್ದರೆ ನಾಯಿಗಾದರೂ ಆಗಲಿ ಎಂದು ಹಾಕಬಾರದು. ಬೂಸಲಿನಲ್ಲಿರುವ ಅಫ್ಲಾಟಾಕ್ಸಿನ್ ವಿಷ ನಾಯಿಯ ಯಕೃತ್ತನ್ನು ಬಹುಬೇಗ ಕೆಡಿಸುತ್ತದೆ. ಈರುಳ್ಳಿ ಹಾಕಿದ ಸಾರು, ಬೇಯಿಸಿದ ಕೋಳಿಯ ಮೂಳೆಗಳೂ ನಿಷಿದ್ಧ.

ಮುಧೋಳ ನಾಯಿ ಸಹಜವಾಗಿಯೇ ತೆಳುವಾದ ಮೈಕಟ್ಟಿನದು. ಕೊನೆಯ ಒಂದೆರಡು ಪಕ್ಕೆಲುಬು ಕಂಡರೆ ಚಿಂತೆಯಿಲ್ಲ. ಬೆನ್ನುಮೂಳೆ ಮತ್ತು ಸೊಂಟದ ಮೂಳೆಗಳು ಎದ್ದು ಕಂಡರೆ ಆಹಾರ ಸಾಲದು ಎಂದು ತಿಳಿಯಬೇಕು.

ತಾಯಿಗೆ ಬರುವ ತೊಂದರೆಗಳು

ಹಾಲುಜ್ವರ: ಹಸುವಿನಂತೆ ನಾಯಿಗೂ ರಕ್ತದಲ್ಲಿ ಸುಣ್ಣದ ಅಂಶ ಕುಸಿಯುತ್ತದೆ. ಹೆಚ್ಚು ಮರಿಗಳ ತಾಯಿಗೆ ಸಾಮಾನ್ಯವಾಗಿ ಎರಡರಿಂದ ನಾಲ್ಕನೆಯ ವಾರದಲ್ಲಿ ಬರುತ್ತದೆ. ಚಡಪಡಿಕೆ, ಏದುಸಿರು, ಕಾಲು ಸೆಟೆದ ನಡಿಗೆ, ಮೈ ನಡುಕ, ಕೊನೆಗೆ ಸೆಳವು ಇದರ ಲಕ್ಷಣಗಳು. ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಮರಿಗಳನ್ನು ಕೂಡಲೇ ಬೇರ್ಪಡಿಸಿ ತಾಯಿಯನ್ನು ಪಶುವೈದ್ಯರ ಬಳಿಗೆ ಒಯ್ಯಬೇಕು. ಅವರು ರಕ್ತನಾಳಕ್ಕೆ ನಿಧಾನವಾಗಿ ಕ್ಯಾಲ್ಸಿಯಂ ಕೊಡುತ್ತಾರೆ. ಇದನ್ನು ತಡೆಯಲೆಂದು ಗಬ್ಬದ ಸಮಯದಲ್ಲಿ ತಾವಾಗಿಯೇ ಕ್ಯಾಲ್ಸಿಯಂ ಗುಳಿಗೆ, ಟಾನಿಕ್ಕು ಕೊಡುವವರಿದ್ದಾರೆ. ಅದರಿಂದ ತೊಂದರೆ ಹೆಚ್ಚುತ್ತದೆ. ಹೊರಗಿನಿಂದ ಸುಣ್ಣ ಸಿಗುತ್ತಿದ್ದರೆ ಎಲುಬಿನಿಂದ ಅದನ್ನು ತೆಗೆದುಕೊಳ್ಳುವ ದೇಹದ ಶಕ್ತಿ ಮಂದವಾಗುತ್ತದೆ. ಮರಿ ಹಾಕಿದ ನಂತರವೂ ವೈದ್ಯರು ಹೇಳಿದರೆ ಮಾತ್ರ ಕೊಡಬೇಕು.

ಕೆಚ್ಚಲು ಬಾವು: ಯಾವುದಾದರೂ ಮೊಲೆ ಬಿಸಿಯಾಗಿ, ಗಟ್ಟಿಯಾಗಿ, ಕೆಂಪಾಗಿ ಅಥವಾ ನೀಲಿಯಾಗಿ, ಮುಟ್ಟಿದರೆ ನೋವಾಗುತ್ತಿದ್ದರೆ ಚಿಕಿತ್ಸೆ ಬೇಕು. ದಿನಕ್ಕೊಮ್ಮೆ ಎಲ್ಲ ಮೊಲೆಗಳನ್ನೂ ಕೈಯಿಂದ ಮುಟ್ಟಿ ನೋಡುವುದು ಒಳ್ಳೆಯ ಅಭ್ಯಾಸ.

ಗರ್ಭಕೋಶದ ಸೋಂಕು: ಮರಿ ಹಾಕಿದ ಮೇಲೆ ಕೆಲವು ವಾರ ಕೆಂಪು ಕಂದು ಬಣ್ಣದ ಸ್ರಾವ ಕಡಿಮೆಯಾಗುತ್ತಾ ಬರುವುದು ಸಹಜ. ಸ್ರಾವ ದುರ್ನಾತ ಬೀರುತ್ತಿದ್ದು, ಜ್ವರ ಬಂದು, ನಾಯಿ ಆಹಾರ ಬಿಟ್ಟರೆ ತಡ ಮಾಡಬಾರದು.

ಮೂರನೆಯ ವಾರದಿಂದ ಮುಂದೆ

ಮರಿಗಳು 10–14 ದಿನಗಳಲ್ಲಿ ಕಣ್ಣು ಬಿಡುತ್ತವೆ. ಮೂರು ವಾರದ ನಂತರ ಹಲ್ಲು ಮೂಡತೊಡಗುತ್ತವೆ. ಆಗ ಅಗಲವಾದ ತಟ್ಟೆಯಲ್ಲಿ ಮರಿಗಳ ಹಾಲಿನಲ್ಲಿ ನೆನೆಸಿದ ಸಿದ್ಧ ಆಹಾರವನ್ನೋ, ಅನ್ನ ಮತ್ತು ಬೆಂದ ಮೊಟ್ಟೆಯನ್ನು ಮೆತ್ತಗೆ ಕಿವುಚಿಯೋ ಇಡಬೇಕು. ಮರಿ ಹೆಚ್ಚಿದ್ದಷ್ಟೂ ಇದನ್ನು ಬೇಗ ಆರಂಭಿಸಿದರೆ ತಾಯಿಯ ಮೇಲಿನ ಭಾರ ಇಳಿಯುತ್ತದೆ. ಎರಡು ಮೂರು ತಟ್ಟೆಗಳಲ್ಲಿ ಇಟ್ಟರೆ ಸಣ್ಣ ಮರಿಗಳಿಗೂ ಜಾಗ ಸಿಗುತ್ತದೆ. ತಾಯಿಯ ಹಾಲನ್ನು ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡುತ್ತ 6ರಿಂದ 8 ವಾರದೊಳಗೆ ಬಿಡಿಸಬೇಕು.

ನಾಯಿಯ ದುಂಡು ಜಂತುಹುಳು ಗರ್ಭದಲ್ಲಿರುವಾಗಲೇ ಮರಿಗೆ ಸೇರುತ್ತದೆ, ಹಾಲಿನ ಮೂಲಕವೂ ಬರುತ್ತದೆ. ಹೊಟ್ಟೆ ಡೊಳ್ಳಾಗಿ ಮೈ ಬಡಕಲಾದ ಮರಿಗೆ ಹಾಲು ಸಾಲದು ಎಂದು ಭಾವಿಸುವ ಮೊದಲು ಇದನ್ನು ನೆನೆಯಬೇಕು. ಎರಡು, ನಾಲ್ಕು, ಆರು ಮತ್ತು ಎಂಟನೆಯ ವಾರಗಳಲ್ಲಿ ಮರಿಗಳಿಗೂ, ಅವುಗಳ ಜೊತೆಗೆ ತಾಯಿಗೂ, ತೂಕಕ್ಕೆ ತಕ್ಕಂತೆ ಜಂತು ಔಷಧಿಯನ್ನು ವೈದ್ಯರ ಸಲಹೆಯಂತೆ ಕೊಡಬೇಕು. ಈ ಹುಳುವಿನ ಮೊಟ್ಟೆಗಳು ಮನೆಯ ಮಕ್ಕಳಿಗೂ ಹಾನಿ ಮಾಡುವುದರಿಂದ ಮರಿಗಳ ಮಲವನ್ನು ದಿನವೂ ತೆಗೆದು ಹೂಳಬೇಕು. 6–8 ವಾರಕ್ಕೆ ಪಾರ್ವೊ ಮತ್ತು ಡಿಸ್ಟೆಂಪರ್ ಲಸಿಕೆ ಆರಂಭಿಸಿ, 16 ವಾರದವರೆಗೆ 3–4 ವಾರಗಳಿಗೊಮ್ಮೆ ಪುನಃ ಹಾಕಿಸಬೇಕು. ಮೂರು ತಿಂಗಳಿಗೆ ಹುಚ್ಚುನಾಯಿ ರೋಗದ ಲಸಿಕೆ ತಪ್ಪಿಸಬಾರದು.

ಸಸಿ ಕೀಳುವಂತೆ ಮರಿ ಕಳೆಯಬೇಕೆ?

ಸಾಲಿನಲ್ಲಿ ದಟ್ಟವಾಗಿ ಹುಟ್ಟಿದ ಜೋಳದ ಸಸಿಗಳನ್ನು ಕಿತ್ತು ವಿರಳಗೊಳಿಸಿದರೆ ಉಳಿದವು ಚೆನ್ನಾಗಿ ಬೆಳೆಯುತ್ತವೆ. ಇದೇ ತರ್ಕದಿಂದ ಹೆಚ್ಚಾದ ಮರಿಗಳನ್ನು, ಅದರಲ್ಲಿಯೂ ಹೆಣ್ಣುಮರಿಗಳನ್ನು, ಮೊದಲ ದಿನವೇ ಊರ ಹೊರಗೆ ಬಿಟ್ಟು ಬರುವ ಪದ್ಧತಿ ಕೆಲವೆಡೆ ಇದೆ. ಹೋಲಿಕೆ ಸರಿಯಲ್ಲ. ಒಂದು ಸಾಲಿನ ಸಸಿಗಳಿಗೆ ನೆಲದ ಸಾರವನ್ನು ಮೂರು ಪಟ್ಟು ಮಾಡಲು ವಾರದಲ್ಲಿ ಸಾಧ್ಯವಿಲ್ಲ. ತಾಯಿನಾಯಿಯ ಆಹಾರವನ್ನು ಮೂರು ಪಟ್ಟು ಮಾಡಲು ಸಾಧ್ಯ. ಸರದಿ, ಸಾಕುತಾಯಿ, ಮೇಲುಹಾಲುಗಳಿಂದ ಹತ್ತು ಮರಿಗಳ ಭಾರವನ್ನು ಹಂಚಲೂ ಬಹುದು. ಮೇಲಾಗಿ ಹುಟ್ಟಿದಾಗ ಸಣ್ಣದಾಗಿದ್ದ ಮರಿ ಸಣ್ಣದಾಗಿಯೇ ಉಳಿಯಬೇಕೆಂದಿಲ್ಲ. ಗರ್ಭದಲ್ಲಿ ಜಾಗ ಸಾಲದೆ ಸಣ್ಣದಾದ ಮರಿಗೆ ಹಾಲು ಸಿಕ್ಕರೆ ಬೆಳೆದು ಉಳಿದವುಗಳ ಸಮಕ್ಕೆ ಬರಬಲ್ಲದು. ಹೆಣ್ಣುಮರಿಗಳನ್ನು ಕಳೆಯುತ್ತ ಹೋದರೆ ನಾಳೆ ತಳಿಗೆ ತಾಯಿಯೇ ಇಲ್ಲದಂತಾಗುತ್ತದೆ. ಹಾಗೆ ಬಿಟ್ಟು ಬರುವುದು ಕಾನೂನಿನ ದೃಷ್ಟಿಯಲ್ಲಿ ಪ್ರಾಣಿಹಿಂಸೆಯೂ ಹೌದು.

ಅಂಗವಿಕಲವಾಗಿಯೋ, ಸೀಳುಬಾಯಿಯಿಂದಲೋ ಹುಟ್ಟಿದ ಮರಿ ಹಾಲು ಚೀಪಲಾರದು. ಅಂತಹ ಮರಿಯನ್ನು ಏನು ಮಾಡಬೇಕೆಂಬುದನ್ನು ಪಶುವೈದ್ಯರು ನೋಡಿ ಹೇಳಬೇಕು.

ಹೆಚ್ಚು ಮರಿ ಸಾಕಿದ ತಾಯಿಗೆ ವಿಶ್ರಾಂತಿಯೂ ಬೇಕು. ಮುಂದಿನ ಬೆದೆಯಲ್ಲಿ ಗಂಡಿಗೆ ಬಿಡದೆ, ಮೈ ಕೂಡಿಕೊಂಡ ಮೇಲೆಯೇ ಬಿಡಬೇಕು. ಮರಿಗಳನ್ನು ಎಂಟು ವಾರ ತುಂಬುವ ಮೊದಲು ಮಾರಬಾರದು; 2017ರ ನಾಯಿ ಸಂವರ್ಧನೆ ಮತ್ತು ಮಾರಾಟದ ಕೇಂದ್ರ ನಿಯಮಗಳೂ ಇದನ್ನೇ ಹೇಳುತ್ತವೆ. ನಾಲ್ಕೈದು ವಾರದಲ್ಲಿ ಕೊಟ್ಟ ಮರಿ ಹೊಸ ಮನೆಯಲ್ಲಿ ಭೇದಿಯಿಂದ ಸತ್ತರೆ ಕೊಂಡವನಿಗೂ ನಷ್ಟ, ಮಾರಿದವನ ಹೆಸರಿಗೂ ನಷ್ಟ.

ರೈತ ಬಾಂಧವರು ನಾಯಿ ಗಬ್ಬವಾದಾಗಲೇ ಒಂದು ತಕ್ಕಡಿ, ಒಂದು ನೋಟುಪುಸ್ತಕ, ಕಾವಿನ ಬಲ್ಬು, ಮರಿಗಳ ಹಾಲಿನ ಪುಡಿ ಇವನ್ನು ಸಿದ್ಧವಾಗಿಟ್ಟುಕೊಳ್ಳಬೇಕು. ಹತ್ತಿರದ ಪಶು ಆಸ್ಪತ್ರೆಯ ವೈದ್ಯರಿಗೆ ಮರಿ ಹಾಕುವ ದಿನವನ್ನು ಮೊದಲೇ ತಿಳಿಸಿರಬೇಕು. ಮನೆಯವರು ಸರದಿಯ ಮೇಲೆ ಹತ್ತು ರಾತ್ರಿ ಎದ್ದು ನೋಡಿಕೊಂಡರೆ ಹುಟ್ಟಿದ ಮರಿಗಳಲ್ಲಿ ಹೆಚ್ಚಿನವು ಉಳಿಯುತ್ತವೆ, ತಾಯಿಯೂ ಗಟ್ಟಿಮುಟ್ಟಾಗಿ ಮತ್ತೆ ಹೊಲ ಕಾಯಲು ಬರುತ್ತದೆ.